‘ನಾನೂ ಶಾಮೀಲ್ ಇದ್ದೆರಿ’

ಕಳಿಸಿದ ಮಾಲನ್ನು ಹೊತ್ತುಕೊಂಡೇ ಲಾರಿ ವಾಪಸ್ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ. ಪೀಣ್ಯ ಎರಡನೇ ಹಂತದ ನಮ್ಮ ಕಾರ್ಖಾನೆಯಲ್ಲಿ ನೀರೆತ್ತುವ ಪಂಪುಗಳಿಗೆ ಅಲ್ಯೂಮಿನಿಯಂ ಕವಚ ಎರಕ ಹೊಯ್ದು ಕೊಡುತ್ತೇವೆ. ನಮ್ಮ ಭಾಷೆಯಲ್ಲಿ ಅದು ‘ಬಾಡಿ’. ಗಿರಾಕಿ ಕಂಪನಿಯವರು ಪಂಪು ಜೋಡಿಸಿ ನೀರು ಬಿಟ್ಟಾಗ ಒಂದಲ್ಲ ಎರಡಲ್ಲ, ಪೆಟ್ಟಿಗೆಗಟ್ಟಲೆ ಬಾಡಿಗಳು ಬೆವರಿದವಂತೆ. ಎರಕದಲ್ಲಿ ಕಣ್ಣಿಗೆ ಕಾಣದ ಸಣ್ಣ ತೂತುಗಳು ಉಳಿಯುವುದು ಹೊಸದೇನಲ್ಲ. ಅಂಥವನ್ನು ಹಿಡಿಯಲೆಂದೇ ನಮ್ಮಲ್ಲಿ ಒಂದು ಪರೀಕ್ಷೆಯ ಬೆಂಚಿದೆ. ಅದನ್ನು ದಾಟಿ ಇಷ್ಟೊಂದು ತೂತಿನ ಮಾಲು ಹೊರಗೆ ಹೋದದ್ದು ಹೇಗೆ ಎಂಬುದೇ ಪ್ರಶ್ನೆಯಾಯಿತು.

ನಾನು ಟೈಂ ಆಫೀಸಿನವನು. ಹಾಜರಿ, ರಜೆ, ಗೇಟ್ ಪಾಸು ನನ್ನ ಕೆಲಸ. ಜೊತೆಗೆ, ಕಂಪನಿಯಲ್ಲಿ ಕನ್ನಡದಲ್ಲಿ ಏನೇ ಬರೆಯಬೇಕಾದರೂ ನನ್ನನ್ನೇ ಕರೆಯುತ್ತಾರೆ. ನನ್ನ ಅಕ್ಷರ ಚೆನ್ನಾಗಿದೆ, ಅದು ನನಗೂ ಗೊತ್ತು. ನೋಟೀಸ್ ಬೋರ್ಡಿನಲ್ಲಿ ಯಾರಾದರೂ ‘ಹಬ್ಬದ ಶುಭಾಷಯ’ ಎಂದು ಬರೆದರೆ ಪೆನ್ನು ತೆಗೆದು ಷ ಹೊಡೆದು ಶ ಮಾಡದೆ ಮುಂದೆ ಹೋಗಲಾರೆ. ಮನೆಯಲ್ಲಿ ಇದಕ್ಕೆ ಚಾಳಿ ಅನ್ನುತ್ತಾರೆ, ನಾನು ಶಿಸ್ತು ಅಂದುಕೊಂಡಿದ್ದೆ.

ಬೆಂಚಿನ ಕೆಲಸ ಇಷ್ಟೇ: ಬಾಡಿಯ ಎರಡೂ ಬಾಯಿಗೆ ರಬ್ಬರ್ ಮುಚ್ಚಳ ಒತ್ತಿ ಬಿಗಿದು, ಒಳಗೆ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಇಪ್ಪತ್ತು ಎಣಿಸುವವರೆಗೆ ನೋಡುವುದು. ಗುಳ್ಳೆ ಬಂದರೆ ತೂತು, ಬರದಿದ್ದರೆ ಪಾಸು. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಅದ್ದುವ ಹಾಗೆಯೇ. ಮುಳುಗಿಸಿ ನೋಡುವುದು ಬೆಂಚಿನ ಕೆಲಸಗಾರ, ರಿಜಿಸ್ಟರಿನಲ್ಲಿ ‘ಸರಿ ಇದೆ’ ಎಂದು ಬರೆದು ಸಹಿ ಹಾಕುವುದು ಶಿಫ್ಟ್ ಇನ್‌ಚಾರ್ಜ್. ವಾಪಸ್ ಬಂದ ಮಾಲು ತಯಾರಾದ ದಿನ ಗಾಳಿಯ ಪೈಪಿನ ವಾಲ್ವು ಕೆಟ್ಟು ಅರ್ಧ ಪಾಳಿ ಬೆಂಚಿಗೆ ಗಾಳಿಯೇ ಬಂದಿರಲಿಲ್ಲ ಎಂದು ಮೇಂಟೆನೆನ್ಸ್ ಪುಸ್ತಕ ಹೇಳುತ್ತಿತ್ತು. ಗಾಳಿಯೇ ಇಲ್ಲದಿದ್ದರೆ ಗುಳ್ಳೆ ಎಲ್ಲಿಂದ ಬರಬೇಕು? ಅವತ್ತು ಎಲ್ಲಾ ಬಾಡಿಗಳೂ ಪಾಸು. ರಿಜಿಸ್ಟರಿನಲ್ಲಿ ಒಂದೇ ಒಂದು ತಿರಸ್ಕಾರವಿಲ್ಲ.

ಸಂಜೆಯೊಳಗೆ ಪ್ರಾಥಮಿಕ ಹೇಳಿಕೆಗಳು ಬೇಕು ಎಂದು ಎಚ್ಆರ್ ಮೇಡಂ ಹೇಳಿದರು. ಶಿಫ್ಟ್ ಇನ್‌ಚಾರ್ಜ್ ತನ್ನದನ್ನು ತಾನೇ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕೊಟ್ಟ: ಬೆಂಚಿನವನು ಎಲ್ಲಾ ಸರಿ ಇದೆ ಅಂದ, ಅವನ ಮಾತು ನಂಬಿ ಸಹಿ ಹಾಕಿದೆ. ಬೆಂಚಿನವನ ಹೇಳಿಕೆ ಬರೆದುಕೊಳ್ಳುವುದು ನನ್ನ ಪಾಲಿಗೆ ಬಂತು.

ಆತ ಕಲಬುರಗಿ ಕಡೆಯವನು. ಹನ್ನೊಂದು ವರ್ಷದಿಂದ ನಮ್ಮಲ್ಲಿದ್ದಾನೆ. ತಿಗಳರಪಾಳ್ಯದಲ್ಲಿ ಬಾಡಿಗೆ ಕೋಣೆ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ತಡವಾಗಿ ಬಂದ ದಾಖಲೆ ನನ್ನ ಕಾರ್ಡುಗಳಲ್ಲಿ ಒಂದೂ ಇಲ್ಲ. ಅಚ್ಚಿನ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾನೆ, ಕೈಬರಹ ಓದಲು ಬರುವುದಿಲ್ಲ. ನನ್ನ ಮೇಜಿನ ಎದುರು ಕುರ್ಚಿಯ ತುದಿಯಲ್ಲಿ ಕೂತ. ಅವತ್ತು ಬೆಂಚಿನಲ್ಲಿ ಯಾರಿದ್ದರು ಎಂದು ಕೇಳಿದೆ. ಯಾರ್ಯಾರು ಮಾಲು ತಂದರು, ಯಾರು ಪೆಟ್ಟಿಗೆಗೆ ತುಂಬಿದರು, ಯಾರು ಬರೆದರು ಎಂದೆಲ್ಲ ಹೇಳುತ್ತಾ ಹೋದ. ಕೊನೆಗೆ ತನ್ನ ವಿಷಯಕ್ಕೆ ಬಂದು ಅಂದ:

“ಅವತ್ತಿನ ಕೆಲಸದಾಗ ನಾನೂ ಶಾಮೀಲ್ ಇದ್ದೆರಿ ಸರ್.”

ನನ್ನ ಪೆನ್ನು ಒಂದು ಕ್ಷಣ ನಿಂತಿತು. ಇಷ್ಟು ಸಲೀಸಾಗಿ ಒಪ್ಪಿಕೊಂಡನಲ್ಲ ಎಂದು ಆಶ್ಚರ್ಯವಾಯಿತು. ನಿಂತ ಪೆನ್ನು ಮತ್ತೆ ಹೊರಟಾಗ ಕಡತದ ಭಾಷೆ ತಾನಾಗಿಯೇ ಬಂತು: ‘ಸದರಿ ದಿನದಂದು ನಡೆದ ಸದರಿ ಕೃತ್ಯದಲ್ಲಿ ನಾನೂ ಶಾಮೀಲಾಗಿದ್ದೆ.’ ಆತ ಕೆಲಸ ಅಂದದ್ದು ನನ್ನ ಕೈಯಲ್ಲಿ ಕೃತ್ಯವಾಯಿತು. ಹಾಗೆ ಬರೆದರೆ ತೂಕ ಇರುತ್ತದೆ ಎಂಬುದು ಬಿಟ್ಟರೆ ಬೇರೆ ಕಾರಣ ಇರಲಿಲ್ಲ. ನಮ್ಮ ಹೇಳಿಕೆಯ ನಮೂನೆಯಲ್ಲಿ ಕೊನೆಯ ಸಾಲು ಮೊದಲೇ ಅಚ್ಚಾಗಿರುತ್ತದೆ: ‘ಮೇಲ್ಕಂಡ ಹೇಳಿಕೆಯನ್ನು ನನಗೆ ಓದಿ ಹೇಳಲಾಗಿದ್ದು, ಸರಿಯಾಗಿದೆಯೆಂದು ಒಪ್ಪಿ ಸಹಿ ಮಾಡಿರುತ್ತೇನೆ.’ ಹೊರಗೆ ಪಾಳಿಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಸಹಿಯ ಜಾಗಕ್ಕೆ ಬೆರಳಿಟ್ಟು ತೋರಿಸಿದೆ. ಆತ ಮಾಡಿದ. ಕೆಳಗೆ ‘ಓದಿ ಹೇಳಿದವರು’ ಎಂಬಲ್ಲಿ ನಾನೂ ಮಾಡಿದೆ.

ಮುಂದಿನ ವಾರ ಚಾರ್ಜ್‌ಶೀಟ್ ಹೋದದ್ದು ಆತನೊಬ್ಬನಿಗೇ. ಪರೀಕ್ಷೆ ಮಾಡದೆ ಮಾಲು ಪಾಸು ಮಾಡಿದ, ಕಂಪನಿಗೆ ಮೋಸ ಮಾಡಿದ ಎಂಬ ಆಪಾದನೆ. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರುವಂತಿಲ್ಲ. ಇದು ಸಾಬೀತಾದರೆ ವಜಾ. ಮೋಸದ ಮೇಲೆ ವಜಾ ಆದವನನ್ನು ಪೀಣ್ಯದಲ್ಲಿ ಯಾವ ಗೇಟಿನವರೂ ಒಳಗೆ ಬಿಡುವುದಿಲ್ಲ. ಎಲ್ಲರೂ ಹಳೆಯ ಕಂಪನಿಗೆ ಒಂದು ಫೋನ್ ಹಾಕಿಯೇ ಹಾಕುತ್ತಾರೆ. ಆ ಫೋನ್ ಎತ್ತಿಕೊಳ್ಳುವವನೂ ನಾನೇ.

ಹೊರಗಿನಿಂದ ಒಬ್ಬರು ಹಿರಿಯ ವಕೀಲರನ್ನು ವಿಚಾರಣಾಧಿಕಾರಿಯಾಗಿ ಕರೆಸಿದರು. ಎರಡು ಸಲ ಕೂತರು. ಎರಡೂ ಸಲ ನಡಾವಳಿ ಬರೆದವನು ನಾನು. ಬೆಂಚಿನಾತ ಒಂದೇ ಮಾತು ಹೇಳುತ್ತಿದ್ದ: ಗಾಳಿ ಇಲ್ಲ ಅಂತ ಇನ್‌ಚಾರ್ಜ್‌ಗೆ ಹೇಳಿದ್ದೆ, ಅವರು ನಡೆಸು ಅಂದರು. ಇನ್‌ಚಾರ್ಜ್ ಇಲ್ಲವೇ ಇಲ್ಲ ಅಂದ. ಇಬ್ಬರ ನಡುವೆ ಸಾಕ್ಷಿಯಿಲ್ಲ. ಆಗ ವಕೀಲರು ನಾನು ಬರೆದ ಹೇಳಿಕೆಯನ್ನು ಕೈಗೆತ್ತಿಕೊಂಡು, ಇದು ನಿಮ್ಮ ಸಹಿಯಾ ಎಂದು ಕೇಳಿದರು. ಹೌದು ಅಂದ.

“ನಾನೂ ಶಾಮೀಲಾಗಿದ್ದೆ ಅಂತ ಹೇಳಿದ್ದು ಹೌದಾ?”

“ಹೌದ್ರಿ. ಇದ್ದೆನಲ್ರಿ.”

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ನನಗಂತೂ ಸಿಟ್ಟೇ ಬಂತು. ತಪ್ಪು ಮಾಡಿದವನು ಕಣ್ಣು ಕೆಳಗೆ ಹಾಕಬೇಕು, ಈತ ನನ್ನ ಮುಖವನ್ನೇ ನೋಡುತ್ತಾ, ಇವರನ್ನು ಕೇಳಿ ಬೇಕಾದರೆ ಅನ್ನುವ ಹಾಗೆ ಕೂತಿದ್ದ. ಮುಂದಿನ ಶುಕ್ರವಾರ ವರದಿ ಕೊಡುತ್ತೇನೆ ಎಂದು ವಕೀಲರು ಎದ್ದರು.

ಸೋಮವಾರ ಮಧ್ಯಾಹ್ನ ಕ್ಯಾಂಟೀನಿನ ಕೈತೊಳೆಯುವ ಜಾಗದ ಮೇಲೆ ಒಂದು ಚೀಟಿ ಅಂಟಿಸಿತ್ತು. ಪ್ಯಾಕಿಂಗಿನ ಒಬ್ಬ ಕೆಲಸಗಾರನ ಮಗುವಿಗೆ ನಾಮಕರಣ. ಅವನೂ ಕಲಬುರಗಿ ಕಡೆಯವನೇ. ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿದ್ದ: ‘ಭಾನುವಾರ ನಮ್ಮ ಮಗನ ತೊಟ್ಟಿಲ ಕಾರ್ಯಕ್ರಮ. ಎಲ್ಲಾರೂ ಊಟದಾಗ ಶಾಮೀಲ್ ಆಗಬೇಕು.’

ನಕ್ಕೆ. ಊಟಕ್ಕೆ ಶಾಮೀಲಾಗುವುದೆಂದರೇನು, ಅನ್ನ ಕದಿಯುವುದಾ ಎಂದು ಪಕ್ಕದವರಿಗೂ ತೋರಿಸಿದೆ. ಪಾಪ, ‘ಭಾಗವಹಿಸಬೇಕು’ ಅನ್ನಲು ಹೋಗಿ ಏನೋ ಬರೆದಿದ್ದಾನೆ, ತಿದ್ದೋಣ ಎಂದು ಜೇಬಿನಿಂದ ಪೆನ್ನು ತೆಗೆದೆ. ಆ ಪದದ ಮೇಲೆ ಗೆರೆ ಎಳೆಯಲು ಹೋದ ಕೈ ಅಲ್ಲೇ ನಿಂತಿತು. ನನ್ನ ಹಿಂದೆ ಕೈ ತೊಳೆಯಲು ನಿಂತವರು, ಸಾರ್ ಸ್ವಲ್ಪ ಸರೀರಿ ಅನ್ನುತ್ತಿದ್ದರು. ಅವತ್ತಿನ ಕೆಲಸದಾಗ ನಾನೂ ಶಾಮೀಲ್ ಇದ್ದೆರಿ. ಪೆನ್ನು ಮುಚ್ಚದೆ ಜೇಬಿಗೆ ಹಾಕಿಕೊಂಡು ಅಂಗಿಗೆ ಶಾಯಿ ಮಾಡಿಕೊಂಡೆ.

ಅಲ್ಲಿಂದ ಶುರುವಾದ ಚಡಪಡಿಕೆ ಶುಕ್ರವಾರದವರೆಗೂ ಬಿಡಲಿಲ್ಲ. ಮೊದಲು ಟೂಲ್ ರೂಮಿಗೆ ಹೋದೆ. ಅಲ್ಲಿ ಅಚ್ಚು ಕೂರಿಸುವ ಹಿರಿಯ ಫಿಟ್ಟರ್ ಒಬ್ಬರಿದ್ದಾರೆ, ಮನೆಮಾತು ದಖ್ಖನಿ ಉರ್ದು. ಶಾಮೀಲು ಅಂದರೆ ನಿಮ್ಮಲ್ಲಿ ಏನು ಅರ್ಥ ಎಂದು ಕೇಳಿದೆ. ಅರದಿಂದ ಉಜ್ಜುವುದನ್ನು ನಿಲ್ಲಿಸದೆ ಹೇಳಿದರು:

“ಸೇರ್ಕೊಳ್ಳೋದು ಸಾರ್. ಮದುವೇಲಿ ಶಾಮಿಲ್ ಆಗ್ತೀವಿ, ನಮಾಜಲ್ಲಿ ಶಾಮಿಲ್ ಆಗ್ತೀವಿ, ಯಾರಾದ್ರೂ ತೀರ್ಕೊಂಡ್ರೆ ಜನಾಜಾದಲ್ಲೂ ಶಾಮಿಲ್ ಆಗ್ತೀವಿ. ಅದರಲ್ಲಿ ಕಳ್ಳತನ ಎಲ್ಲಿಂದ ಬಂತು?”

ನನಗೂ ಅದೇ ಬೇಕಿತ್ತು: ಎಲ್ಲಿಂದ ಬಂತು? ಮನೆಗೆ ಬಂದು ಅಟ್ಟದ ಮೇಲಿನ ನಿಘಂಟುಗಳನ್ನು ಇಳಿಸಿದೆ. ಧೂಳಿಗೆ ಹೆಂಡತಿ ಬೈದಳು. ಪದ ಅರಬ್ಬಿಯದು. ಒಳಗೊಂಡದ್ದು, ಕೂಡಿಕೊಂಡದ್ದು ಎಂದಷ್ಟೇ ಮೂಲದ ಅರ್ಥ. ಪಾರಸಿಯ ಮೂಲಕ, ದಖ್ಖನಿಯ ಮೂಲಕ, ಸುಲ್ತಾನರ ಮತ್ತು ನಿಜಾಮರ ಕಾಲದ ಕಚೇರಿಗಳ ಮೂಲಕ ನಮ್ಮಲ್ಲಿಗೆ ಬಂದಿದೆ. ಅತ್ತ ಉತ್ತರಕ್ಕೆ ಅದು ಕಚೇರಿಯಿಂದ ಬೀದಿಗಿಳಿದು, ಬೀದಿಯಿಂದ ಅಡುಗೆಮನೆಗೂ ಹೋಯಿತು. ಊಟಕ್ಕೂ ಹೊಲಕ್ಕೂ ತೊಟ್ಟಿಲಿಗೂ ಜನ ಶಾಮೀಲಾದರು. ಇತ್ತ ನಮ್ಮ ಕಡೆ ಅದು ಪೊಲೀಸರ ಪಂಚನಾಮೆಯಿಂದ, ಪತ್ರಿಕೆಯ ಸುದ್ದಿಯಿಂದ ಆಚೆ ಬರಲೇ ಇಲ್ಲ. ಕಳ್ಳರ ಜೊತೆ ಶಾಮೀಲು, ಗುತ್ತಿಗೆದಾರರ ಜೊತೆ ಶಾಮೀಲು. ಪದವನ್ನು ನಾವು ಅಲ್ಲೇ ನೋಡಿದ್ದು, ಅದಕ್ಕೇ ಅದು ಅಲ್ಲಿಯದೇ ಅಂದುಕೊಂಡೆವು. ಹಾಗೆ ನೋಡಿದರೆ ‘ಕುಮ್ಮಕ್ಕು’ ಕೂಡ ಹಾಗೆಯೇ. ನೆರವಿಗೆ ಬರುವುದು ಎಂದು ಹೊರಟ ಪದ, ಇಲ್ಲಿ ಕೆಟ್ಟದ್ದಕ್ಕೆ ಕೊಡುವ ನೆರವಾಗಿ ನಿಂತಿದೆ. ಜೊತೆಗೂಡುವುದು ಎಂದರೆ ಸಾಕು, ನಮಗೆ ಏನೋ ಗುಮಾನಿ.

ಈ ಎಲ್ಲಾ ಪಾಂಡಿತ್ಯದಿಂದ ನನಗೆ ಸ್ವಲ್ಪ ಹುರುಪೂ ಬಂತು ಎಂದು ಒಪ್ಪಿಕೊಳ್ಳಬೇಕು. ಮಂಗಳವಾರ ಸಂಜೆ, ಹೋಗಬಾರದು ಎಂದು ಗೊತ್ತಿದ್ದೂ, ತಿಗಳರಪಾಳ್ಯದ ಆತನ ಕೋಣೆಗೆ ಹೋದೆ. ಸಾಲು ಕೋಣೆಗಳ ಮನೆ. ಯಜಮಾನಿ ಅಲ್ಲಿಯ ಮೂಲದವರು. ಬಾಗಿಲಲ್ಲೇ ತಡೆದು, ನಮ್ ಹುಡುಗ ಅಂತೋನಲ್ಲ ಕಣಪ್ಪ, ಇಂಗೆಲ್ಲ ಮಾಡ್ಬಾರ್ದು ನೀವು ಎಂದು ನನಗೆ ಸರಿಯಾಗಿ ಕೊಟ್ಟರು. ಆತ ಹೊರಗೆ ಬಂದ. ಶಾಮೀಲ್ ಇದ್ದೆ ಅಂದೆಯಲ್ಲ, ಏನು ಅಂದುಕೊಂಡು ಅಂದದ್ದು ಎಂದು ಕೇಳಿದೆ.

ಕೂಡಿ ಇದ್ದೆ ಅಂತ, ಮತ್ತೇನು ಎಂದು ಆತ ನನ್ನನ್ನೇ ವಿಚಿತ್ರವಾಗಿ ನೋಡಿದ. ಬೆಂಗಳೂರಿನಲ್ಲಿ ಆ ಪದಕ್ಕೆ ಏನರ್ಥ ಎಂದು ನಾನು ಬಿಡಿಸಿ ಹೇಳಿದೆ. ಆತ ಬಾಗಿಲ ಚೌಕಟ್ಟು ಹಿಡಿದುಕೊಂಡ.

“ಹಂಗಾದ್ರ ಅವತ್ತು ವಕೀಲರ ಮುಂದ ನಾ ಏನಂತ ಒಪ್ಕೊಂಡೆರಿ ಸರ್?”

ಮೋಸ ಮಾಡಿದೆ ಅಂತ, ಅಂದೆ. ಒಳಗೆ ಆತನ ಹೆಂಡತಿ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ಚಹಾ ಕುಡಿದು ಹೋಗಿ ಎಂದು ಆತ ಕರೆದದ್ದು ಕೇಳಿಸಿಕೊಳ್ಳದವನಂತೆ ಹೊರಟುಬಿಟ್ಟೆ. ನಾಚಿಕೆಯಾಗಿತ್ತು.

ಬುಧವಾರ ಎಚ್ಆರ್ ಮೇಡಂ ಮುಂದೆ ನಿಘಂಟಿನ ಜೆರಾಕ್ಸ್ ಪ್ರತಿಗಳನ್ನು ಹರಡಿದೆ. ಅವರು ಒಳ್ಳೆಯ ಹೆಂಗಸು, ತಾಳ್ಮೆಯಿಂದ ಕೇಳಿದರು. ವಿಷಯ ಮುಖ್ಯವಾದದ್ದೇ, ವಕೀಲರಿಗೆ ಹೇಳೋಣ ಎಂದು ಆಗಲೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ನಾನು ಕಾಲೇಜು ಮೇಷ್ಟರ ಹಾಗೆ ಅರಬ್ಬಿಯಿಂದ ಶುರುಮಾಡಿ ತೊಟ್ಟಿಲ ಚೀಟಿಯವರೆಗೆ ಬಂದೆ. ವಕೀಲರು ಎಲ್ಲಿಯೂ ತಡೆಯಲಿಲ್ಲ. ಕೊನೆಗೆ ಕೇಳಿದ್ದು ಒಂದೇ:

“ಪದಕ್ಕೆ ಎರಡು ಅರ್ಥ ಇರಬಹುದು ಕಣ್ರೀ. ಆದರೆ ‘ಸದರಿ ಕೃತ್ಯದಲ್ಲಿ’ ಅಂತ ಇದೆ. ಅದನ್ನ ಓದಿ ಹೇಳಿದ್ದೀರಿ, ಅವನು ಒಪ್ಪಿದ್ದಾನೆ, ಕೆಳಗೆ ನಿಮ್ಮ ಸಹಿ ಇದೆ. ಕೃತ್ಯ ಅಂದರೆ ಅವನಿಗೆ ಗೊತ್ತಾಗಲಿಲ್ಲವಾ?”

ನೋಡಿ ಹೇಳುತ್ತೇನೆ ಸಾರ್ ಅಂದೆ. ನೋಡುವುದು ಏನಿತ್ತು? ಫೋನ್ ಇಟ್ಟ ಮೇಲೆ ಮೇಡಂ ನನ್ನನ್ನು ಒಂದು ಗಳಿಗೆ ದಿಟ್ಟಿಸಿ, ದನಿ ತಗ್ಗಿಸಿ, ಓದಿ ಹೇಳಿದ್ದೀರಿ ತಾನೇ ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನ್ನ ಕೈ ಅಂಗಿಯ ಜೇಬಿಗೆ, ಪೆನ್ನಿಗೆ ಹೋಯಿತು. ಅವರಿಗೆ ಅರ್ಥವಾಯಿತು. ಅವರು ಸಿಟ್ಟಾಗಲಿಲ್ಲ, ಅದೇ ಕಷ್ಟವಾಯಿತು. ಹದಿನೈದು ವರ್ಷದಲ್ಲಿ ಎಷ್ಟು ಹೇಳಿಕೆ ಬರೆದಿದ್ದೀರಿ ಎಂದು ಮಾತ್ರ ಕೇಳಿದರು. ಒಂದನ್ನು ಓದಿ ಹೇಳಿಲ್ಲ ಅಂದರೆ ಮಿಕ್ಕವನ್ನೂ ಯಾರು ನಂಬುತ್ತಾರೆ, ಯೋಚನೆ ಮಾಡಿ ಎಂದರು. ಬಾಯಿ ಮುಚ್ಚಿಕೊಂಡಿರಿ ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ಅವರ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು.

ಗುರುವಾರ ಕೆಲಸ ಓಡಲಿಲ್ಲ. ಮೂರು ಗೇಟ್ ಪಾಸುಗಳಲ್ಲಿ ತಾರೀಖು ತಪ್ಪು ಬರೆದೆ. ಶಿಫ್ಟ್ ಇನ್‌ಚಾರ್ಜ್ ರಜೆ ಚೀಟಿ ಹಿಡಿದು ಬಂದವನು ನನ್ನ ಮುಖ ನೋಡಿ, ಏನ್ ಗುರು ಹುಷಾರಿಲ್ವಾ ಎಂದು ವಿಚಾರಿಸಿದ. ಇವನನ್ನು ನೋಡಿದರೆ ಮೈ ಉರಿಯಬೇಕಿತ್ತು, ಆದರೆ ಉರಿಯಲಿಲ್ಲ. ಅವನು ಮಾಡಿದ್ದೇನು? ಮುಂದಿದ್ದ ನಮೂನೆಯಲ್ಲಿ, ನೋಡದ ಪರೀಕ್ಷೆಗೆ ‘ಸರಿ ಇದೆ’ ಎಂದು ಬರೆದು ಸಹಿ ಹಾಕಿದ. ನಾನು ಮಾಡಿದ್ದೇನು? ಓದದ ಹೇಳಿಕೆಗೆ ‘ಓದಿ ಹೇಳಿದೆ’ ಎಂದು ಸಹಿ ಹಾಕಿದೆ. ಅವನದು ಗಾಳಿಯಿಲ್ಲದ ಬೆಂಚು, ನನ್ನದು ಸದ್ದಿಲ್ಲದ ಓದು. ಪೀಣ್ಯದಲ್ಲಿ ಇದಕ್ಕೆ ‘ಟೇಬಲ್ ಇನ್ಸ್‌ಪೆಕ್ಷನ್’ ಅನ್ನುತ್ತಾರೆ: ಅಳತೆ ಮಾಡದೆ, ಮೇಜಿನ ಮುಂದೆ ಕೂತೇ ಅಳತೆ ತುಂಬಿಸುವುದು. ಅದನ್ನು ಮಾಡುವವರನ್ನು ಕಂಡರೆ ನಾನು ಕ್ಯಾಂಟೀನಿನಲ್ಲಿ ಭಾಷಣ ಬಿಗಿಯುತ್ತಿದ್ದೆ. ಅಂದು ಸಂಜೆ ಮೆಟ್ರೋದಲ್ಲಿ ದಾಸರಹಳ್ಳಿಯಲ್ಲಿ ಇಳಿಯಬೇಕಾದವನು ಮರೆತು ಮುಂದೆ ಹೋಗಿ, ಮರಳಿ ಬರುವಾಗ ಮತ್ತೆ ಮರೆತು ಜಾಲಹಳ್ಳಿಯವರೆಗೂ ಬಂದೆ. ಅಲ್ಲಿಂದ ನಡೆದೇ ಹೋದೆ. ನಡೆದರೆ ಏನಾದರೂ ತೀರ್ಮಾನವಾಗುತ್ತದೆ ಅಂದುಕೊಂಡಿದ್ದೆ, ಕಾಲು ನೋವಾಯಿತು ಅಷ್ಟೆ.

ಶುಕ್ರವಾರ ಹತ್ತು ಗಂಟೆಗೆ ವಕೀಲರು ವರದಿಯ ಲಕೋಟೆ ಹಿಡಿದು ಬಂದರು. ಗೇಟಿನಲ್ಲಿ ಅವರ ಹೆಸರು ಬರೆದುಕೊಳ್ಳಬೇಕಾದವನು ನಾನು. ಪುಸ್ತಕ ಮುಂದಿಟ್ಟೆ, ಅವರು ಸಹಿ ಮಾಡಿದರು. ಲಕೋಟೆ ಇನ್ನೂ ಅವರ ಕಂಕುಳಲ್ಲೇ ಇತ್ತು. ಅದು ಒಮ್ಮೆ ಮೇಡಂ ಮೇಜಿಗೆ ಹೋದರೆ ದಾಖಲಾಗುತ್ತದೆ, ಆಮೇಲೆ ನಾನು ಏನು ಹೇಳಿದರೂ ಮೇಲ್ಮನವಿಗೆ ಹೋಗಬೇಕು. ಅದಕ್ಕೆ ಆತನಿಗೆ ವರ್ಷಗಳೇ ಬೇಕು. ಗೇಟಿನಲ್ಲೇ ಹೇಳಿಬಿಟ್ಟೆ.

“ಸಾರ್, ನಾನು ಅವನಿಗೆ ಓದಿ ಹೇಳಲಿಲ್ಲ. ಬಸ್ಸು ಹೊರಡ್ತಿತ್ತು, ಸಹಿ ಹಾಕಿಸ್ಕೊಂಡ್ಬಿಟ್ಟೆ. ಕೃತ್ಯ ಅನ್ನೋ ಮಾತೂ ಅವನದಲ್ಲ, ನಂದು.”

ಸೆಕ್ಯುರಿಟಿಯವನು ಬೇರೆ ಕಡೆ ನೋಡಿದ. ವಕೀಲರು ಲಕೋಟೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಇದನ್ನು ಬರೆದು ಕೊಡುತ್ತೀರಾ ಎಂದರು. ಕೊಡುತ್ತೇನೆ ಅಂದೆ. ನಿಮ್ಮ ಮೇಲೆಯೇ ಬರುತ್ತದೆ ಎಂದರು. ಗೊತ್ತು ಅಂದೆ. ನಿಜಕ್ಕೂ ಅಷ್ಟು ಧೈರ್ಯವಿರಲಿಲ್ಲ. ಅವರು ಲಕೋಟೆಯನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡು ಒಳಗೆ ಹೋದರು. ಅರ್ಧ ಗಂಟೆಯ ನಂತರ ಮೇಡಂ ನನ್ನನ್ನು ಕರೆದು, ವಕೀಲರು ಹಳೆಯ ಹೇಳಿಕೆಯನ್ನು ಬದಿಗಿಟ್ಟಿದ್ದಾರೆ, ಸೋಮವಾರ ಎಲ್ಲರ ಎದುರು ಹೊಸದಾಗಿ ಬರೆಯಬೇಕು, ಬರೆಯುವವರು ನೀವೇ ಅಂತೆ ಎಂದರು. ಮತ್ತೆ ನಾನೇ ಏಕೆ ಎಂದು ಕೇಳಿದೆ. ಅವರಿಗೆ ನಿಮ್ಮ ಅಕ್ಷರ ಇಷ್ಟವಂತೆ ಎಂದರು. ನಗಬೇಕೋ ಬೇಡವೋ ತಿಳಿಯಲಿಲ್ಲ.

ಸೋಮವಾರ ಆತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಈ ಸಲ ನಾನು ಕಡತದ ಭಾಷೆಯನ್ನು ಕಟ್ಟಿಟ್ಟು, ಆತ ಹೇಗೆ ಹೇಳಿದನೋ ಹಾಗೆಯೇ ಬರೆದೆ. ಇದ್ದೆರಿ ಅಂದರೆ ಇದ್ದೆರಿ, ಕೆಲಸದಾಗ ಅಂದರೆ ಕೆಲಸದಾಗ. ಹದಿನೈದು ವರ್ಷದಲ್ಲಿ ಮೊದಲ ಬಾರಿ ನನ್ನ ಕಾಗದದ ಮೇಲೆ ಇನ್ನೊಬ್ಬನ ದನಿ ಕೂತಿತ್ತು. ಗಾಳಿ ಬರದಿದ್ದದ್ದು, ಇನ್‌ಚಾರ್ಜ್‌ಗೆ ಹೇಳಿದ್ದು, ನಡೆಸು ಅಂದದ್ದು, ರಿಜಿಸ್ಟರನ್ನು ತಾನು ಮುಟ್ಟದೇ ಇದ್ದದ್ದು, ಎಲ್ಲ ಬಂತು. ಆ ಹೇಳಿಕೆ ಸಾಕಿತ್ತು. ಮೋಸ ಎಂಬ ಮಾತಿಗೆ ಅದರಲ್ಲಿ ಎಲ್ಲೂ ಜಾಗವಿರಲಿಲ್ಲ. ಎದ್ದು ನಿಂತು ಗಟ್ಟಿಯಾಗಿ ಓದಿದೆ. ಆತ ತಲೆ ಬಾಗಿಸಿ, ಒಂದೊಂದು ಮಾತಿಗೂ ಹೂಂಗುಟ್ಟುತ್ತಾ ಕೇಳಿದ. ಮುಗಿಯಿತು ಎಂದು ಕಾಗದ ಆತನತ್ತ ತಿರುಗಿಸಿದಾಗ ಆತ ಪೆನ್ನು ಹಿಡಿಯಲಿಲ್ಲ.

ಒಂದು ಉಳಿದಿದೆ, ಬರೆದುಕೊಳ್ಳಿ ಅಂದ. ಬೆಂಚಿನ ಪಕ್ಕ ಕೆಂಪು ಬಣ್ಣ ಬಳಿದ ಒಂದು ತೂತಿನ ಬಾಡಿ ಸದಾ ಇರುತ್ತದೆ. ಪಾಳಿ ಶುರುವಾದಾಗ ಅದನ್ನು ಮೊದಲು ಮುಳುಗಿಸಬೇಕು. ಅದರಲ್ಲಿ ಗುಳ್ಳೆ ಬಂದರೆ ಬೆಂಚು ಸರಿ ಇದೆ ಎಂದರ್ಥ. ಅವತ್ತು ವಾಲ್ವು ಕೆಟ್ಟ ಮೇಲೆ ಆತ ಅದನ್ನು ತಾನಾಗಿಯೇ ಇನ್ನೊಮ್ಮೆ ಮುಳುಗಿಸಿ ನೋಡಿದ್ದ. ಗುಳ್ಳೆ ಬಂದಿರಲಿಲ್ಲ. ಇನ್‌ಚಾರ್ಜ್ ನಡೆಸು ಅಂದ ಮೇಲೆ, ಎಲ್ಲಾ ಸುಳ್ಳು ಎಂದು ಗೊತ್ತಿದ್ದೇ, ಊಟದ ಹೊತ್ತಿನವರೆಗೆ ಬಾಡಿಗಳನ್ನು ಮುಳುಗಿಸಿ ಎತ್ತುತ್ತಾ ನಿಂತಿದ್ದ.

ನಾನು ಪೆನ್ನು ಕೆಳಗಿಟ್ಟೆ. ಇದು ಬೇಡ ಕಣಪ್ಪ, ಇದನ್ನ ಯಾರೂ ಕೇಳಿಲ್ಲ ಎಂದು ಬಾಯಿಗೆ ಬಂದದ್ದನ್ನು ಹೇಳಿಯೂ ಬಿಟ್ಟೆ. ಇನ್ನೇನು ಪಾರಾಗಿದ್ದ, ತಾನಾಗಿಯೇ ತಲೆ ಕೊಡುತ್ತಿದ್ದಾನಲ್ಲ ಎಂದು ಸಂಕಟವಾಯಿತು. ವಕೀಲರು ಕೂಡ, ಇದರಿಂದ ನಿಮಗೆ ತೊಂದರೆಯಾಗಬಹುದು, ಗೊತ್ತಿದೆಯಾ ಎಂದರು.

“ಗೊತ್ತದರಿ. ಓದಿ ಹೇಳಿದ್ರಲ್ರಿ ಸರ್. ಕಿವಿಲೆ ಕೇಳಿದ ಮ್ಯಾಲ ಸುಮ್ಮಕಿರಾಕ ಬರಂಗಿಲ್ಲ.”

ಬರೆದೆ. ಓದಿದೆ. ಸಹಿ ಮಾಡಿದ.

ವರದಿ ಬಂತು. ಮೋಸದ ಆಪಾದನೆ ಸಾಬೀತಾಗಿಲ್ಲ. ಗೊತ್ತಿದ್ದೂ ಕೆಲಸ ನಿಲ್ಲಿಸದೇ ಇದ್ದದ್ದಕ್ಕೆ ನಾಲ್ಕು ದಿನದ ಅಮಾನತು, ಕೆಲಸ ಉಳಿಯಿತು. ಇನ್‌ಚಾರ್ಜ್‌ಗೆ ಬೇರೆ ಚಾರ್ಜ್‌ಶೀಟ್ ಹೋಯಿತು. ನನಗೆ ಮೆಮೊ ಬಂತು: ಓದಿ ಹೇಳದೆ ಓದಿ ಹೇಳಿರುವುದಾಗಿ ದೃಢೀಕರಿಸಿದ್ದಕ್ಕೆ ವಿವರಣೆ ಕೊಡಿ. ಇಂಗ್ಲಿಷಿನಲ್ಲಿ ಎರಡು ಸಾಲು ಹಾಕಿ ಮುಗಿಸಿ ಎಂದು ಮೇಡಂ ಸೂಚಿಸಿದರು. ನಾನು ಕನ್ನಡದಲ್ಲಿ ಒಂದು ಪುಟ ಬರೆದೆ. ಬಸ್ಸು, ಅವಸರ, ಪದದ ಎರಡು ಅರ್ಥ, ನನ್ನ ತಪ್ಪು, ಕ್ಷಮೆ. ಚೆನ್ನಾಗಿಯೇ ಬಂದಿತ್ತು.

ಕೊಡುವ ಮೊದಲು ಆತನಿಗೆ ಓದಿ ಹೇಳಬೇಕು ಅನ್ನಿಸಿತು. ಆತ ಕೆಲಸಕ್ಕೆ ಮರಳಿದ ದಿನ ಟೀ ಹೊತ್ತಿಗೆ ಬೆಂಚಿನ ಬಳಿ ಹೋದೆ. ಒದ್ದೆ ಕೈಯನ್ನು ಚಿಂದಿಗೆ ಒರೆಸಿಕೊಂಡು ಪಕ್ಕದಲ್ಲಿ ನಿಂತು ಪೂರ್ತಿ ಕೇಳಿದ. ಕೊನೆಗೆ ಮೆಲ್ಲಗೆ ಅಂದ:

“ಒಂದು ಮಾತು ಬಿಟ್ಟೀರಿ ಸರ್. ಏನ್ ಬರ್ದೀರಿ ಒಮ್ಮಿ ಓದ್ರಿ ಅಂತ ನಾ ಕೇಳಿದ್ನಲ್ರಿ ಅವತ್ತು.”

ಕೇಳಿದ್ದ. ಸಹಿಯ ಜಾಗಕ್ಕೆ ನಾನು ಬೆರಳಿಟ್ಟಾಗ ಆತ ಪೆನ್ನು ಹಿಡಿದುಕೊಂಡೇ ಕೇಳಿದ್ದ. ‘ನೀನು ಹೇಳಿದ್ದನ್ನೇ ಬರ್ದಿದೀನಿ ಕಣಪ್ಪ, ನನ್ ಮೇಲೆ ನಂಬಿಕೆ ಇಲ್ವಾ’ ಎಂದು ನಾನು ನಕ್ಕಿದ್ದೆ. ನಂಬಿಕೆ ಇತ್ತು, ಸಹಿ ಮಾಡಿದ. ಇದನ್ನು ಗೇಟಿನಲ್ಲಿ ವಕೀಲರಿಗೆ ಹೇಳಲಿಲ್ಲ, ಮೆಮೊದ ಉತ್ತರದಲ್ಲಿ ಬರೆಯಲಿಲ್ಲ. ಇಲ್ಲಿ ಆ ಸಂಜೆಯ ಬಗ್ಗೆ ಬರೆಯುವಾಗಲೂ ಬಿಟ್ಟುಬಿಟ್ಟೆ, ಬೇಕಾದರೆ ಹಿಂದಕ್ಕೆ ಹೋಗಿ ನೋಡಿ. ಮರೆತಿರಲಿಲ್ಲ.

ಬೆಂಚಿನ ಅಂಚಿನ ಮೇಲೆ ಕಾಗದ ಇಟ್ಟು ಆ ಸಾಲನ್ನೂ ಸೇರಿಸಿದೆ. ಆತ ಕೇಳಿದ ಮಾತು ಆತನ ಮಾತಿನಲ್ಲೇ, ನಾನು ಕೊಟ್ಟ ಉತ್ತರ ನನ್ನ ಮಾತಿನಲ್ಲೇ. ಮೊದಲಿನಿಂದ ಇನ್ನೊಮ್ಮೆ ಓದಿದೆ. ಆತ ತಲೆಯಾಡಿಸಿದ ಮೇಲೆ ಸಹಿ ಹಾಕಿದೆ.